ಬೋರಲು ಮಲಗಿದವರ ವಾರ್ಡಿನಲ್ಲಿ

ಮನುಷ್ಯ ಮುಖ ಕೆಳಗೆ ಮಾಡಿ, ಬೆನ್ನು ಮೇಲೆ ಮಾಡಿ ಮಲಗಿದ ಜಾಗದಲ್ಲಿ ಏನಾದರೊಂದು ಎಡವಟ್ಟು ಆಗದೆ ದಿನ ಮುಗಿಯುವುದಿಲ್ಲ. ಇದನ್ನು ನಾನು ಕಂಡು ಹೇಳುತ್ತಿದ್ದೇನೆ. ಬೀದರದ ಒಂದು ಆಸ್ಪತ್ರೆಯಲ್ಲಿ ನಾನು ನರ್ಸು. ಕೊರೋನಾ ಎರಡನೇ ಸಲ ಬಂದಾಗ ನಮ್ಮ ಮೇಟ್ರನ್ ಬಾಯಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ಕೇಳಿದರು, "ಮನ್ಯಾಗ ಯಾರ್ಯಾರು ಇದ್ದೀರಿ?" ಒಬ್ಬಳಿಗೆ ಹಾಲು ಕುಡಿಯುವ ಕೂಸು, ಇನ್ನೊಬ್ಬಳಿಗೆ ಸಕ್ಕರೆ ಕಾಯಿಲೆಯ ಅತ್ತೆ. ನನ್ನ ಸರದಿ ಬಂತು. "ಯಾರೂ ಇಲ್ರಿ" ಅಂದೆ.

"ಹಂಗಾದ್ರ ಕೊರೋನಾ ವಾರ್ಡಿಗಿ ನೀವೇ ಹೋಗ್ರಿ. ಏನೂ ಚಿಂತಿ ಇಲ್ಲ" ಅಂದರು.

ಒಬ್ಬಳೇ ಇರುವುದೂ ಒಂದು ಅರ್ಹತೆ ಅಂತ ನನಗೆ ಗೊತ್ತಾದದ್ದು ಅವತ್ತು. ಅವ್ವ ತೀರಿಕೊಂಡ ಮೇಲೆ ಮೈಲೂರದ ಮನೆಯಲ್ಲಿ ನಾನು, ಒಂದು ಕುಕ್ಕರು, ಗೋಡೆಯ ಮೇಲಿನ ಯೇಸುವಿನ ಪಟ ಇಷ್ಟೇ ಉಳಿದಿದ್ದೆವು.

ವಾರ್ಡಿನಲ್ಲಿ ಕೆಲಸ ಏನೆಂದರೆ ಜನರನ್ನು ಬೋರಲು ಮಲಗಿಸುವುದು. ಮೂಗಿಗೆ ಆಕ್ಸಿಜನ್ ಹಚ್ಚಿದರೂ ಏದುಸಿರು ಬಿಡುವವರಿಗೆ ಹೊಟ್ಟೆಯ ಮೇಲೆ ಮಲಗಿದರೆ ಆರಾಮ ಸಿಗುತ್ತದೆ. ಬೆನ್ನಿನ ಕಡೆ ಮುದುಡಿ ಬಿದ್ದಿರುವ ಶ್ವಾಸಕೋಶಕ್ಕೆ ಗಾಳಿ ಹೋಗುತ್ತದೆ. ಬೆರಳಿಗೆ ಹಾಕಿದ ಕ್ಲಿಪ್ಪಿನಲ್ಲಿ ಆಕ್ಸಿಜನ್ ಅಂಕಿ ಮೇಲೇರುವುದು ಕಣ್ಣಿಗೇ ಕಾಣುತ್ತದೆ. ಮಲಗದೆ ಹಟ ಹಿಡಿದರೆ ಒಳಗಿನ ಕೋಣೆಯ ಉಸಿರಾಟದ ದೊಡ್ಡ ಮಷಿನ್ನಿಗೆ ಹೋಗಬೇಕಾಗಬಹುದು. ಅಲ್ಲಿಗೆ ಹೋದವರೆಲ್ಲ ವಾಪಸ್ ಬರುತ್ತಿರಲಿಲ್ಲ. ನಮ್ಮ ವಾರ್ಡಿನವರೋ, ಮೈಮೇಲೆ ಎಚ್ಚರ ಇದ್ದವರು, ಮಾತಾಡುವವರು, ಜಗಳ ಮಾಡುವವರು. ಇವರನ್ನು ಮಗುಚಿ ಹಾಕುವುದು ಹೋಳಿಗೆ ಮಗುಚಿದಷ್ಟು ಸುಲಭ ಅಲ್ಲ.

ಮೈತುಂಬ ಬಿಳಿ ಕಿಟ್ ತೊಟ್ಟು, ಎದೆಯ ಮೇಲೆ ಮಾರ್ಕರಿನಲ್ಲಿ ಹೆಸರು ಬರೆದುಕೊಂಡು ಓಡಾಡುತ್ತಿದ್ದೆ. ಬೋರಲು ಮಲಗಿದವರಿಗೆ ನನ್ನ ಎದೆ ಎಲ್ಲಿ ಕಾಣಬೇಕು? ಅವರಿಗೆ ಕಾಣುತ್ತಿದ್ದದ್ದು ನನ್ನ ಕಾಲು. ನನಗೆ ಕಾಣುತ್ತಿದ್ದದ್ದು ಅವರ ಬೆನ್ನು. ಇಷ್ಟು ಜನರ ಉಸಿರಿಗೆ ಕಾವಲು ನಿಂತೆ, ಒಬ್ಬರಿಗೂ ನನ್ನ ಮುಖ ಗೊತ್ತಿಲ್ಲ. ಅದು ನನಗೆ ಆಗ ಅಷ್ಟು ತಟ್ಟಲಿಲ್ಲ, ಆಮೇಲೆ ತಟ್ಟಿತು. ಮೊದಲು ಪೈಲ್ವಾನರ ವಿಷಯ ಹೇಳುತ್ತೇನೆ.

ಅಖಾಡ

ಜನವಾಡದ ಕಡೆಯ ಹಳೆಯ ಪೈಲ್ವಾನರು. ಕುಸ್ತಿಯಲ್ಲಿ ಜಜ್ಜಿ ಜಜ್ಜಿ ಕಿವಿ ಎರಡೂ ಮುದ್ದೆಯಾಗಿದ್ದವು. ಎಲ್ಲರಿಗೂ ಕೈಮುಗಿದು ಬೋರಲು ಮಲಗಿಸಬೇಕಾದರೆ ಇವರು ಹೇಳುವ ಮೊದಲೇ ಮಲಗಿದರು, ಏಳಲೇ ಇಲ್ಲ. ಎಂಥ ಒಳ್ಳೆಯ ಪೇಶಂಟು ಅಂತ ನಾನು ಎಲ್ಲರ ಮುಂದೆ ಅವರನ್ನೇ ಹೊಗಳಿದೆ. ದಕ್ಷಿಣದ ಕಡೆಯಿಂದ ಬಂದಿದ್ದ ಹೊಸ ಡಾಕ್ಟರರು ರೌಂಡಿಗೆ ಬಂದು, "ಸ್ವಲ್ಪ ಅಂಗಾತ ತಿರುಗಿ, ಹೊಟ್ಟೆ ನೋಡಬೇಕು" ಅಂದಾಗ ಬಂತು ನೋಡಿ ತಕರಾರು.

"ಆಗಂಗಿಲ್ರಿ" ಅಂದರು ಪೈಲ್ವಾನರು, ದಿಂಬಿನೊಳಗಿಂದ.

"ಯಾಕೆ? ನೋವಾ?"

"ನೋವ್ ಇಲ್ರಿ. ಜಿಂದಗಿ ಪೂರಾ ಅಖಾಡದಾಗ ಇದ್ದೆ, ಈ ಬೆನ್ನಿಗಿ ಮಣ್ಣ ಹತ್ತಿಲ್ಲ."

ಡಾಕ್ಟರರಿಗೆ ತಿಳಿಯಲಿಲ್ಲ. "ಮಣ್ಣೆಲ್ಲಿದೆ? ಬೆಡ್‌ಶೀಟ್ ಈಗಷ್ಟೇ ಬದಲಾಯಿಸಿದ್ದಾರೆ" ಅಂದರು.

ನಾನು ನಡುವೆ ಹೋಗಿ ಹೇಳಿದೆ, ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದವನು ಸೋತ, ಅದಕ್ಕೆ 'ಚಿತ್' ಅನ್ನುತ್ತಾರೆ, ಇವರು ಯಾವತ್ತೂ ಚಿತ್ ಆದವರಲ್ಲ ಅಂತ. ಆಮೇಲೆ ಪೈಲ್ವಾನರನ್ನು ಕೇಳಿದೆ, "ಹಂಗಾದ್ರ ಮನ್ಯಾಗ ಹ್ಯಾಂಗ ಮಕ್ಕೋತೀರಿ?"

"ಮನ್ಯಾಗ ಅಂಗಾತ ಮಕ್ಕೋತೇನಿ. ಅಲ್ಲಿ ಯಾರ್ ಇರ್ತಾರ್ರಿ? ಇಲ್ಲಿ ಇವ್ರು ಮ್ಯಾಲ ಬಗ್ಗಿ ನಿಂತಾರ. ಆ ಕಡಿ ಈ ಕಡಿ ಮಂದಿ ನೋಡ್ಲಾಕತ್ತಾರ. ಇದು ಕುಸ್ತಿ ಅಲ್ಲೇನ್ರಿ ಮತ್ತ?"

ಕಡೆಗೆ ಡಾಕ್ಟರರೇ ಸೋತು, ಅವರನ್ನು ಮಗ್ಗುಲಾಗಿ ಮಲಗಿಸಿ ನೋಡಿದರು. ಅವರು ಗುಣವಾಗಿ ಮನೆಗೆ ಹೊರಟ ದಿನ ಡಾಕ್ಟರರು ಬಾಗಿಲ ತನಕ ಬಂದು ಕೈ ಕೊಟ್ಟರು. ಪೈಲ್ವಾನರು ಆ ಕೈ ಬಿಡದೆ, ಗಂಭೀರವಾಗಿ ಹೇಳಿದರು, "ನೀವೂ ಬಿಡಲಿಲ್ಲ, ನಾನೂ ಬಿಡಲಿಲ್ಲ. ಕುಸ್ತಿ ಬರಾಬರಿ ಆಯ್ತ್ರಿ ಡಾಕ್ಟ್ರೇ."

ಇದನ್ನು ಯಾರಿಗಾದರೂ ಹೇಳಬೇಕು ಅಂತ ದಾರಿಯುದ್ದಕ್ಕೂ ಹೊಟ್ಟೆ ಉಬ್ಬಿತ್ತು. ಮನೆಗೆ ಬಂದೆ. ಪಕ್ಕದ ಮನೆಯವರು ನನ್ನನ್ನು ಕಂಡು ಕಿಟಕಿ ಹಾಕಿಕೊಂಡರು. ತಪ್ಪೇನಿಲ್ಲ, ಅವರ ಮನೆಯಲ್ಲಿ ಮಕ್ಕಳಿದ್ದಾರೆ. ಒಳಗೆ ಹೋಗಿ ಒಬ್ಬಳೇ ನಕ್ಕೆ, ಬಾಯಿಗೆ ಸೆರಗು ಮುಚ್ಚಿಕೊಂಡು. ಒಬ್ಬಳೇ ಇರುವ ಮನೆಯಿಂದ ನಗು ಕೇಳಿಸಿದರೆ ಜನ ಕಿಟಕಿಗೆ ಬೀಗವನ್ನೂ ಹಾಕುತ್ತಾರೆ.

ಫೋನಿನ ಆ ಕಡೆ

ಊರೊಳಗೆ ಅತ್ತರಿನ ಅಂಗಡಿ ಇಟ್ಟ ಚಾಚಾ ಒಬ್ಬರು ಬಂದರು. ಬಿಳಿ ಗಡ್ಡ, ಮಾತು ಮೆಲ್ಲಗೆ. ಎಲ್ಲ ಕೇಳುತ್ತಿದ್ದರು, ಬೋರಲು ಮಲಗುವುದೊಂದನ್ನು ಬಿಟ್ಟು.

"ಔಂಧಾ ನಕ್ಕೋ ಬೇಟಿ, ಬೋರಲು ಬ್ಯಾಡ" ಅಂದರು. "ಹಂಗ ಮಲಗೋದು ನಮ್ಮ ಧರ್ಮದಾಗ ಮನಾ ಅದ, ಮಲಗಬಾರದು. ಸಣ್ಣವ ಇದ್ದಾಗ ನಾ ಔಂಧಾ ಮಲಗಿದ್ರ ಅಬ್ಬಾ ಬಂದು ಹೊರಳಿಸಿ ಹೋಗ್ತಿದ್ರು."

ಕ್ಲಿಪ್ಪಿನ ಅಂಕಿ ಇಳಿಯುತ್ತಿತ್ತು. ಡಾಕ್ಟರರು ಬಂದು ಹೇಳಿದರು, ಕೇಳಲಿಲ್ಲ. ನಾನು ಗೋಗರೆದೆ, ಕೇಳಲಿಲ್ಲ. ನನಗೆ ಅಳು ಬರುವಂತಾಯಿತು. ಅವರಿಗೆ ಕನಿಕರ ಬಂತೇನೋ, "ನಮ್ಮ ಮೊಹಲ್ಲಾದ ಮೌಲವಿ ಸಾಬರಿಗೆ ಪೂಛ್ ಮಾಡ್ರಿ. ಅವ್ರು ಹ್ಞೂಂ ಅಂದ್ರ ಈಗಿಂದೀಗ ಮಲಗ್ತೇನಿ" ಅಂದರು.

ಅವರ ಫೋನಿನಿಂದಲೇ ಹಚ್ಚಿದೆ. ಆ ಕಡೆ ರಿಂಗಾಯಿತು. ಅದೇ ಹೊತ್ತಿಗೆ ನಮ್ಮ ವಾರ್ಡಿನ ಮೂಲೆಯ ಮಂಚದಲ್ಲೂ ಯಾರದೋ ಫೋನು ರಿಂಗಾಯಿತು. "ಅದನ್ನೊಮ್ಮೆ ಬಂದ್ ಮಾಡ್ರಿ, ಇಲ್ಲಿ ಜರೂರಿ ಮಾತದ!" ಅಂತ ನಾನೇ ಆ ಕಡೆ ಕೂಗಿದೆ. ಮೂಲೆಯವರು ಬಂದ್ ಮಾಡಿದರು. ನಮ್ಮ ಕಾಲ್ ಕಟ್ಟಾಯಿತು. ಮತ್ತೆ ಹಚ್ಚಿದೆ. ಮೂಲೆಯಲ್ಲಿ ಮತ್ತೆ ರಿಂಗು.

ಈ ಸಲ ಎತ್ತಿದರು. ಚಾಚಾ ಸ್ಪೀಕರಿಗೆ ಬಾಯಿಟ್ಟು ಕೇಳಿದರು, "ಮೌಲವಿ ಸಾಬ್, ಬೀಮಾರಿಯಾಗ ಔಂಧಾ ಮಲಗೋದು ಜಾಯಜ್ ಅದ ಏನು, ನಡೀತದೇನು?"

ಫೋನಿನಿಂದ ಏದುಸಿರಿನ ದನಿ ಬಂತು. "ಹೌ. ಇಲಾಜಿಗೆ ಆದ್ರ ಜಾಯಜ್ ಅದ. ಮೈ ಬೀ ಔಂಧಾಚ್, ನಾನೂ ಹಂಗೇ ಮಲಗೇನಿ."

"ಅಲ್ಲಾ! ನಿಮಗೂ ಬಂತಾ? ಕಹಾಂ ಹೈ ಆಪ್, ಎಲ್ಲಿದ್ದೀರಿ?"

"ನಿಮ್ಮ ಹಿಂದ" ಅಂದಿತು ಫೋನು.

ಮೂಲೆಯ ಮಂಚದಿಂದ, ದಿಂಬಿನಲ್ಲಿ ಮುಖ ಹುದುಗಿಸಿದ್ದ ಬೆನ್ನೊಂದು ಕೈ ಎತ್ತಿ ಅಲ್ಲಾಡಿಸಿತು. ಅವರು ಹಿಂದಿನ ದಿನವೇ ಬಂದಿದ್ದರಂತೆ. ಒಂದೇ ಗಲ್ಲಿಯವರು, ದಿನಾ ಸಲಾಮು ಹೇಳಿಕೊಳ್ಳುವವರು, ಒಂದೇ ವಾರ್ಡಿನಲ್ಲಿ ಇದ್ದೂ ಒಬ್ಬರಿಗೊಬ್ಬರು ಗೊತ್ತಿರಲಿಲ್ಲ. ಮುಖಕ್ಕೆ ಮಾಸ್ಕು, ಮೇಲೆ ಬೆನ್ನು. ಯಾರಾದರೂ ಹೇಗೆ ಗುರುತು ಹಿಡಿಯಬೇಕು? ಚಾಚಾ ಫೋನು ಕೆಳಗಿಟ್ಟು ಬೋರಲಾದರು. ಅಂಕಿ ಏರತೊಡಗಿತು. ನಾನು ಮೌಲವಿ ಸಾಬರ ಮಂಚವನ್ನು ಚಾಚಾನ ಮಂಚದ ಹತ್ತಿರ ಎಳೆಸಿದೆ.

ಆಮೇಲಿನಿಂದ ನನಗೆ ಅಲ್ಲಿ ಕೆಲಸವೇ ಇಲ್ಲ. ಚಾಚಾ ಬೇಸರವಾಗಿ ಹೊರಳಲು ನೋಡಿದರೆ ಸಾಕು, ಪಕ್ಕದ ದಿಂಬಿನಿಂದ ದನಿ ಬರುತ್ತಿತ್ತು, "ಚಾಚಾ, ಸಿಸ್ಟರ್ ಕ್ಯಾ ಬೋಲೇ, ಏನ್ ಹೇಳ್ಯಾರ?" ಒಂದು ಮಧ್ಯಾಹ್ನ ಚಾಚಾ ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದರು. "ಬೇಟಿ, ಇವ್ರನ್ನ ಮತ್ತ ಮೂಲಿಗಿ ಹಾಕ್ತೀರೇನ್ರಿ? ಫೋನ್ ಮ್ಯಾಲೇ ಚಲೋ ಇದ್ರು."

ನೀಲಿ ಬಾರು, ಕೆಂಪು ಬಾರು

ನನ್ನ ಹವಾಯಿ ಚಪ್ಪಲಿಯ ಒಂದು ಬಾರು ಹರಿಯಿತು. ಲಾಕ್‌ಡೌನು, ಅಂಗಡಿ ಎಲ್ಲ ಬಂದ್. ಅವ್ವನ ಹಳೆಯ ಚಪ್ಪಲಿಯ ಕೆಂಪು ಬಾರು ಕಿತ್ತು ಹಾಕಿಕೊಂಡೆ. ಒಂದು ಕಾಲಿಗೆ ನೀಲಿ, ಒಂದು ಕಾಲಿಗೆ ಕೆಂಪು. ಮೇಲೆ ತೆಳು ಪ್ಲಾಸ್ಟಿಕ್ ಚೀಲ ಹಾಕಿದರೂ ಬಣ್ಣ ಕಾಣುತ್ತಿತ್ತು.

ಇದನ್ನು ಮೊದಲು ಕಂಡವಳು ಹೆಂಗಸರ ವಾರ್ಡಿಗೆ ಬಂದ ಔರಾದದ ಒಬ್ಬ ಮುದುಕಿ. ಎಲ್ಲರೂ ಅವಳನ್ನು ಆಯಿ ಅನ್ನುತ್ತಿದ್ದರು. ಸೊಸೆ ಹೊರಗೆ ಗೇಟಿನಲ್ಲಿ ಕೂತಿದ್ದಳು, ಒಳಗೆ ಬಿಡುವಂತಿರಲಿಲ್ಲ. ಆಯಿಗೆ ಒಬ್ಬಳೇ ಇರುವುದು ರೂಢಿಯಿಲ್ಲ. ಬೋರಲು ಮಲಗಿಸಿದರೆ, "ಏನೂ ಕಾಣಂಗಿಲ್ಲ, ಗೋರ್ಯಾಗ ಇಟ್ಟಂಗ ಆಗ್ತದ" ಅಂತ ಹೊರಳಿಬಿಡುತ್ತಿದ್ದಳು. ಅವಳ ಅಂಕಿ ಎಲ್ಲರಿಗಿಂತ ಕೆಳಗಿತ್ತು. ಒಳಗಿನ ಮಷಿನ್ನು ಖಾಲಿಯಾದರೆ ಮುಂದಿನ ಹೆಸರು ಇವಳದೇ ಅಂತ ಡಾಕ್ಟರರು ಹೇಳಿ ಹೋಗಿದ್ದರು.

"ಆಯಿ, ಮುಖ ಈ ಕಡಿ ಮಾಡ್ರಿ. ಏನ್ ಕಾಣ್ತದ?" ಅಂದೆ.

"ನಿನ್ನ ಕಾಲ ಕಾಣ್ತಾವ. ಒಂದು ನೀಲಿ, ಒಂದು ಕೆಂಪು. ಸಾಲಿಗೆ ಹೋಗೋ ಹುಡಿಗಿ ಹಂಗ."

"ಆ ಕಾಲ ನೋಡ್ಕೋತ ಮಕ್ಕೋರಿ. ನಾ ಎಲ್ಲೂ ಹೋಗಂಗಿಲ್ಲ."

ಮಲಗಿದಳು. ಮಾತು ಶುರುವಾಯಿತು. ಹೊಲ, ಎಮ್ಮೆ, ಸತ್ತ ಗಂಡ, ಸೊಸೆ ಮಾಡುವ ಸಪ್ಪಗಿನ ಬ್ಯಾಳಿ, ಎಲ್ಲ. ಆದರೆ ನನಗೆ ಇನ್ನೂ ಎಷ್ಟೋ ಮಂದಿ ಇದ್ದರು. ಕಾಲು ಅತ್ತ ಸರಿದರೆ ಆಯಿ ಇತ್ತ ಹೊರಳುತ್ತಿದ್ದಳು. ಕಡೆಗೆ ಒಂದು ಉಪಾಯ ಮಾಡಿದೆ. ಚಪ್ಪಲಿಯನ್ನು ಅವಳ ಮಂಚದ ಹತ್ತಿರ, ಕಾಲಿದ್ದ ಹಾಗೇ ಜೋಡಿಸಿಟ್ಟು, ಆಪರೇಶನ್ ಕೋಣೆಯ ಚಪ್ಪಲಿ ಮೆಟ್ಟಿಕೊಂಡು ಮೆಲ್ಲಗೆ ಜಾರಿದೆ. ಅವಳ ಕಣ್ಣು ಮೊದಲೇ ಮಂಜು. ಊಟದ ಗಾಡಿ ಬರುವ ತನಕ ಅವಳು ಅಲ್ಲಾಡಲಿಲ್ಲ, ಮಾತಾಡುತ್ತಲೇ ಇದ್ದಳು.

ನಾನು ವಾಪಸ್ ಬಂದು ಚಪ್ಪಲಿ ಮೆಟ್ಟಿಕೊಂಡಾಗ ಆಯಿ ನಿಟ್ಟುಸಿರುಬಿಟ್ಟು ಅಂದಳು, "ನೀ ಭಾಳ ಚಲೋ ಇದ್ದಿ ಬಾಯಿ. ಪೂರಾ ಕೇಳ್ತಿ, ನಡಕ ಒಂದ್ ಮಾತ್ ಆಡಂಗಿಲ್ಲ."

ನಗು ತಡೆಯಲಾಗಲಿಲ್ಲ. ಎರಡನೇ ದಿನ ಸಿಕ್ಕಿಬಿದ್ದೆ. ಊಟ ಹಂಚುವ ಹೆಂಗಸು ಚಪ್ಪಲಿಯನ್ನು ಕಾಲಿನಿಂದ ಮಂಚದ ಕೆಳಗೆ ಸರಿಸಿದ್ದಳು. ಆಯಿಗೆ ಭಾರಿ ಸಿಟ್ಟು ಬಂತು. "ಇನ್ನ ಮ್ಯಾಲ ಚಪ್ಪಲಿ ನಂಬಂಗಿಲ್ಲ. ನಡದು ತೋರಸು, ಆಗ ಮಕ್ಕೋತೇನಿ" ಅಂದಳು. ಹಾಗಾಗಿ ನಾನು ಬಂದಾಗೆಲ್ಲ ಅವಳ ಮಂಚದ ಮುಂದೆ ಆ ಕಡೆಯಿಂದ ಈ ಕಡೆ ನಡೆದು ಹಾಜರಿ ಕೊಡಬೇಕಾಯಿತು.

"ಏ, ನಿನ್ನ ಎಡಗಾಲ ಹೊರಗ ನೋಡ್ತದಲ್ಲ?" ಅಂತ ಒಮ್ಮೆ ಕೇಳಿದಳು.

ಅದು ಹುಟ್ಟಿನಿಂದ ಹಾಗೇ ಇದೆ. ಆ ಕಾಲಿನ ಕಥೆಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವಳಿಗೆ ಹೇಳಿದೆ. ಅವಳಿಗೆ ನನ್ನ ಮುಖ ಕಾಣುತ್ತಿರಲಿಲ್ಲ, ಅದಕ್ಕೇ ಇರಬೇಕು. ವಯಸ್ಸಿದ್ದಾಗ ನನ್ನನ್ನು ನೋಡಲು ಗಂಡಿನವರು ಬಂದಿದ್ದರು. ನಮ್ಮ ಚರ್ಚಿನ ಹಿರಿಯರೇ ಕರಕೊಂಡು ಬಂದಿದ್ದರು. ಅವ್ವ ಚಹಾ, ಚೂಡಾ ಕೊಟ್ಟಳು. ತಿಂದರು, ಕುಡಿದರು. ಗಂಡಿನ ತಾಯಿ, "ಹುಡಿಗಿ ಒಂದೀಟು ಅಲ್ಲಿತನ ನಡದು ಬರ್ಲಿ" ಅಂದಳು. ನಡೆದೆ. ಎಲ್ಲರೂ ನನ್ನ ಕಾಲು ನೋಡಿದರು. "ತಿಳಿಸ್ತೇವಿ" ಅಂತ ಎದ್ದು ಹೋದರು.

"ಆಮ್ಯಾಲ?" ಅಂದಳು ಆಯಿ.

"ಇನ್ನೂ ತಿಳಿಸಿಲ್ಲ."

ಆಯಿ ನಕ್ಕ ರಭಸಕ್ಕೆ ಅಂಕಿ ಸರ್ರನೆ ಇಳಿಯಿತು, ಕ್ಲಿಪ್ಪಿನ ಮಾನಿಟರು ಕೂಗಿಕೊಂಡಿತು, ಡಾಕ್ಟರರು ಓಡಿ ಬಂದರು. "ಏನಾಯಿತು?" ಅಂತ ಕೇಳಿದರೆ ಆಯಿ ಉಸಿರು ಹಿಡಿದುಕೊಂಡು ನನ್ನನ್ನೇ ತೋರಿಸಿದಳು. "ಇಕಿ ಮದವಿ ಸುದ್ದಿ ಕೇಳಿದ್ರ ಸಾಯ್ತೇನಿ ನೋಡ್ರಿ ನಾ!"

ಅವಳು ಸಾಯಲಿಲ್ಲ. ನನ್ನ ರಜೆಯ ದಿನ ಗುಣವಾಗಿ ಮನೆಗೆ ಹೋದಳು. ನಾನು ಬಂದಾಗ ಮಂಚಕ್ಕೆ ಹೊಸ ಬೆಡ್‌ಶೀಟು ಹಾಕಿತ್ತು. ಆಯಿ ತೀರಿಕೊಂಡಳು ಅಂದುಕೊಂಡೆ. "ಅಲ್ಲ ಅಲ್ಲ, ಮನಿಗೇ ಹೋದ್ಳು" ಅಂತ ಜೊತೆಯವಳು ಹೇಳಿದ ಮೇಲೆ ಜೀವ ಬಂತು. ಆದರೂ ಮಂಚದ ಹತ್ತಿರ ಸುಮ್ಮನೆ ನಿಂತುಕೊಂಡೆ. ಇಷ್ಟು ದಿನ ನನ್ನ ಜೊತೆ ಮಾತಾಡಿದ ಒಬ್ಬಳೇ ಹೆಂಗಸು ನನ್ನ ಮುಖ ನೋಡದೆ ಹೋಗಿದ್ದಳು. ಅವಳು ಚಪ್ಪಲಿಗೆ ಹೇಳಿದ ಕಥೆ ಏನಿತ್ತೋ, ಅದೂ ನನಗೆ ಗೊತ್ತಾಗಲಿಲ್ಲ.

ಬದನೆಕಾಯಿ ಅಂಗಡಿ ಮುಂದೆ

ವಾರ್ಡು ಮುಚ್ಚಿತು, ಊರು ತೆರೆಯಿತು. ನನಗೊಂದು ಚಟ ಹತ್ತಿತು. ಸಂತೆಯಲ್ಲಿ, ಬಸ್ಸಿನಲ್ಲಿ ಜನರ ಬೆನ್ನು ನೋಡುವುದು. ನಾನು ಗುರುತು ಹಿಡಿಯಬಲ್ಲವಳಾಗಿದ್ದು ಬೆನ್ನಷ್ಟನ್ನೇ. ಯಾರಾದರೂ ಒಬ್ಬರು, "ಓ, ನೀವಾ!" ಅನ್ನಲಿ ಅಂತ ಜೀವ ಹಂಬಲಿಸುತ್ತಿತ್ತು. ಬಹಳ ದೊಡ್ಡ ಆಸೆಯೇನಲ್ಲ.

ಒಂದು ಭಾನುವಾರ ಚರ್ಚು ಮುಗಿಸಿ ಕಾಯಿಪಲ್ಲೆಗೆ ಹೋದೆ. ಮುಂದೆ ಒಬ್ಬರು ಬಗ್ಗಿ ಬದನೆಕಾಯಿ ಆರಿಸುತ್ತಿದ್ದರು. ಕುತ್ತಿಗೆಯ ಹಿಂದೆ ಹುಣಸೆಬೀಜದಂಥ ಮಚ್ಚೆ. ಆಸ್ಪತ್ರೆಯ ಗೌನಿನ ಲಾಡಿ ಹಿಂದಿರುತ್ತದೆ, ಯಾರೂ ಕಟ್ಟಿಕೊಳ್ಳುವುದಿಲ್ಲ. ಆ ಬೆನ್ನನ್ನು ನಾನು ದಿನಾ ಕಂಡಿದ್ದೆ. ಸಂತೋಷದಲ್ಲಿ ಹಿಂದುಮುಂದು ನೋಡಲಿಲ್ಲ.

"ಆರಾಮ ಇದ್ದೀರಿಲ್ಲೋ?" ಅಂದೆ.

ಅವರು ತಿರುಗಿದರು. ನನ್ನ ಮುಖ ಅವರಿಗೆ ಏನೂ ಹೇಳಲಿಲ್ಲ. "ಯಾರ್ರಿ? ಗುರ್ತ ಹತ್ತಲಿಲ್ಲ."

"ನಿಮಗ ಹ್ಯಾಂಗ ಹತ್ತಬೇಕ್ರಿ! ನಾ ನಿಮ್ಮ ಬೆನ್ನ ನೋಡಿ ಗುರ್ತ ಹಿಡದೆ. ಬಲಗಡಿ ಹೆಗಲ ಕೆಳಗ ಇನ್ನೊಂದು ಮಚ್ಚಿ ಅದ, ಹೌದಲ್ರಿ?"

ಆಗ ಕಂಡಿತು, ಅವರ ಪಕ್ಕದಲ್ಲಿ ಚೀಲ ಹಿಡಿದು ಹೆಂಡತಿ ನಿಂತಿದ್ದರು. ಕೈಯಲ್ಲಿದ್ದ ಬದನೆಕಾಯಿಯನ್ನು ಬುಟ್ಟಿಗೆ ವಾಪಸ್ ಹಾಕಿ, ಗಂಡನನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು. ಅಂಗಡಿಯವನು ತಕ್ಕಡಿ ಕೆಳಗಿಟ್ಟ. ನಾನು ಆಸ್ಪತ್ರೆ, ಆಕ್ಸಿಜನ್, ಬೋರಲು ಅಂತ ಒಂದೇ ಉಸಿರಿನಲ್ಲಿ ವದರಿದೆ. ಹೆಂಡತಿಯ ಮುಖ ಸಡಿಲಾಯಿತು. ಹತ್ತಿರ ಬಂದು ನನ್ನ ಕೈ ಹಿಡಿದು ಕೇಳಿದರು, "ಹಂಗಾದ್ರ ಖರೆ ಹೇಳ್ರಿ ಬಾಯಿ. ಇವ್ರು ಗೊರಕಿ ಹೊಡೀತಿದ್ರೋ ಇಲ್ಲೋ?"

"ಡಬ್ಬ, ಬೋರಲಾಗಿ ಮಕ್ಕೊಂಡಾಗ ಸುದ್ದಾ ಹೊಡೀತಿದ್ರು" ಅಂದೆ.

"ಕೇಳಿದ್ರೇನು?" ಅಂತ ಗಂಡನ ಕಡೆ ತಿರುಗಿದರು. "ಮದವಿ ಆದಾಗಿಂದ ಒಬ್ಬ ಸಾಕ್ಷಿ ಹುಡಕ್ಲಾಕತ್ತಿದ್ದೆ ನೋಡ್ರಿ!"

ಭಾಲ್ಕಿ ಬಸ್ ಸ್ಟ್ಯಾಂಡ್

ಇದು ಮೊನ್ನೆ ಮೊನ್ನೆಯದು. ಏನೋ ತರಬೇತಿಗೆ ಅಂತ ಭಾಲ್ಕಿಗೆ ಹೋಗಿದ್ದೆ. ಸಂಜೆ ಬೀದರ ಬಸ್ಸಿಗೆ ಕಾಯುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಂದು ದನಿ ಕೇಳಿಸಿತು. ಸೊಸೆ ಮಾಡುವ ಬ್ಯಾಳಿ ಸಪ್ಪಗಿರುತ್ತದೆ ಅಂತ ಯಾರಿಗೋ ಹೇಳುತ್ತಿತ್ತು. ಸೊಸೆ ಪಕ್ಕದಲ್ಲೇ ಕೂತಿದ್ದಳು. ನನ್ನ ಕಾಲು ತಾನಾಗಿಯೇ ಅತ್ತ ಹೋಯಿತು.

"ಆಯಿ! ಗುರ್ತ ಸಿಕ್ತೇನು?"

ಕಣ್ಣು ಕಿರಿದು ಮಾಡಿ ನೋಡಿದಳು. "ಯಾರವ್ವ ನೀ?"

"ದವಾಖಾನಿ ಸಿಸ್ಟರ್. ನಿಮ್ಮನ್ನ ಡಬ್ಬ ಮಲಗಿಸ್ತಿದ್ದೆ."

"ಅಕಿ ಬ್ಯಾರೆ. ಅಕಿ ಭಾಳ ಎತ್ತರ ಇದ್ಳು."

"ನೀವು ಕೆಳಗಿಂದ ನೋಡ್ತಿದ್ರಿ, ಅದಕ್ಕ ಎತ್ತರ ಕಂಡಿರಬೇಕು."

"ಅಕಿ ಬೆಳ್ಳಗ ಇದ್ಳು."

"ಅದು ಕಿಟ್ಟು, ಆಯಿ. ನನ್ನ ಮಾರಿ ನೋಡ್ರಿ."

"ಮಾರಿ?" ಅಂದಳು ಆಯಿ. "ಅಕಿಗಿ ಮಾರಿನೇ ಇರಲಿಲ್ಲ."

ಸೊಸೆ ನಾಚಿಕೊಂಡು, "ವಯಸ್ಸಾಗ್ಯದ್ರಿ, ಏನೂ ಅನ್ಕೋಬ್ಯಾಡ್ರಿ" ಅಂದಳು. ನಾನು ನಕ್ಕೆ. ಆದರೆ ಒಳಗೆ ಏನೋ ಮುರಿದ ಹಾಗಾಯಿತು. ಇವಳೊಬ್ಬಳು ಗುರುತಿಸಿಯಾಳು ಅಂತ ಎಲ್ಲೋ ನಂಬಿಕೊಂಡಿದ್ದೆ. ಕಾಲಲ್ಲಿ ಇದ್ದದ್ದು ಹೊಸ ಕಪ್ಪು ಚಪ್ಪಲಿ, ಬಾರಿನ ಗುರುತೂ ಇಲ್ಲ. ಬೀದರ ಬಸ್ಸು ಬಂತು. ಬರ್ತೇನಿ ಅಂತ ಹೇಳಿ ಬಸ್ಸಿನ ಕಡೆ ನಡೆದೆ.

"ಏ! ನಿಂದರ!"

ತಿರುಗಿದೆ. ಆಯಿ ಎದ್ದು ನಿಂತಿದ್ದಳು. "ಮತ್ತ ನಡಿ" ಅಂದಳು. ಏನಾಗುತ್ತಿದೆ ಅಂತ ತಿಳಿಯುವ ಮೊದಲೇ ಅವಳು ಸೊಸೆಯನ್ನು ಬೆಂಚಿನಿಂದ ಎಬ್ಬಿಸಿ, ಸೀರೆ ಸರಿಮಾಡಿಕೊಂಡು, ಬೆಂಚಿನ ಮೇಲೆ ಉದ್ದಕ್ಕೆ ಬೋರಲು ಮಲಗಿದಳು. ಕೆನ್ನೆಯನ್ನು ಹಲಗೆಗೆ ಒತ್ತಿ, ಕಣ್ಣು ನನ್ನ ಕಾಲ ಕಡೆ ನೆಟ್ಟಳು.

ಬಸ್ ಸ್ಟ್ಯಾಂಡ್ ಅಂದ ಮೇಲೆ ಕೇಳಬೇಕೇ! ಮುದುಕಿಗೆ ಏನೋ ಆಯಿತು ಅಂತ ಜನ ಓಡಿ ಬಂದರು. ಒಬ್ಬರು ನೀರು ಚಿಮುಕಿಸಿದರು. ಒಬ್ಬರು ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದರು. "ಸರೀರಿ ಆ ಕಡಿ, ಕಾಲ ಕಾಣಂಗಿಲ್ಲ!" ಅಂತ ಆಯಿ ಎಲ್ಲರನ್ನೂ ಗದರಿದಳು. ನಾನು ನಡೆದೆ. ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ, ಭಾಲ್ಕಿಯ ಅಷ್ಟು ಜನ ನನ್ನ ಕಾಲನ್ನೇ ನೋಡುತ್ತಿರುವಾಗ. ಹಿಂದೆ ಒಮ್ಮೆ ಗಂಡಿನವರ ಮುಂದೆ ಹೀಗೇ ನಡೆದದ್ದು ನೆನಪಾಯಿತು. ಬಸ್ಸಿನ ಕಂಡಕ್ಟರು ಬಾಗಿಲಿನಿಂದ ಕೂಗಿದ, "ಬಾಯಿ, ಬೀದರಕ ಬರ್ತೀರೋ, ಇಲ್ಲಾ ಇಲ್ಲೇ ನಡಕೋತ ಇರ್ತೀರೋ?"

"ಇಕಿನೇ!" ಅಂತ ಆಯಿ ಮಲಗಿದಲ್ಲೇ ಬೆಂಚು ಬಡಿದಳು. "ಎಡಗಾಲ ಹೊರಗ ನೋಡ್ತದ. ಚಪ್ಪಲಿ ಅಲ್ಲ, ಖರೇನೇ ಅಕಿನೇ!"

ಎದ್ದು ಕೂತಳು. ನನ್ನನ್ನು ಹತ್ತಿರ ಎಳೆದು, ಗಲ್ಲ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಒರಟು ಅಂಗೈಯಿಂದ ನನ್ನ ಕೆನ್ನೆ ಒರೆಸಿದಳು. ನಾನು ಅಳುತ್ತಿದ್ದೆ ಅಂತ ಗೊತ್ತಾದದ್ದು ಆಗಲೇ. ಬಸ್ಸು ಹೊರಟುಹೋಯಿತು. ಹೋಗಲಿ ಅಂದುಕೊಂಡೆ, ಮನೆಯಲ್ಲಿ ಕಾಯುವವರು ಯಾರಿದ್ದಾರೆ.

ನೆರೆದ ಜನಕ್ಕೆ ಇನ್ನೂ ಏನೂ ತಿಳಿದಿರಲಿಲ್ಲ. "ಏನಾಯ್ತು ಆಯಿ, ಏನ್ ನಡದದ ಇಲ್ಲಿ?" ಅಂತ ಉಳ್ಳಾಗಡ್ಡಿಯವರು ಕೇಳಿದರು. ಆಯಿ ನನ್ನ ಕೈ ಬಿಡದೆ, ಸೆರಗು ತಲೆಗೆ ಹೊದ್ದುಕೊಂಡು, ಗಂಡಿನ ಕಡೆಯ ಹಿರಿಯಳ ಹಾಗೆ ನೆಟ್ಟಗೆ ಕೂತು ಎಲ್ಲರಿಗೂ ಕೇಳುವಂತೆ ಹೇಳಿದಳು, "ಹುಡಿಗಿ ಪಸಂದ ಅದ. ನಾವು ಚಹಾ ಕುಡಿಯೋ ಮೊದಲೇ ತಿಳಿಸೇವಿ. ಈಗ ಚಹಾ ತರಸ್ರಿ."